ಗಾಜಿನ ತೊಟ್ಟಿಗೂ ಹೆಪ್ಪು ಬೇಕು

ರಾಮನಾಥಪುರಕ್ಕೆ ಹೋದವರು ರಾಮೇಶ್ವರನಿಗೆ ಕೈಮುಗಿದ ಮೇಲೆ ಹೊಳೆಯ ಕಡೆ ಇಳಿಯದೆ ಹಿಂತಿರುಗುವುದಿಲ್ಲ. ಅರಕಲಗೂಡು ತಾಲ್ಲೂಕಿನ ಈ ಊರಿನಲ್ಲಿ ಕಾವೇರಿಯ ವಹ್ನಿ ಪುಷ್ಕರಣಿ ದೇವರ ಮೀನುಗಳ ತಾಣ. ಇಲ್ಲಿ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಒಂದು ಹಿಡಿ ಕಡಲೆಪುರಿ ಎರಚಿದರೆ ಸಾಕು, ದಪ್ಪ ದಪ್ಪ ಮೀನುಗಳು ಒಂದರ ಮೇಲೊಂದು ಬಿದ್ದು ನೀರನ್ನೆಲ್ಲ ಕಲಕಿಬಿಡುತ್ತವೆ. ಮಕ್ಕಳಂತೂ ಮೆಟ್ಟಿಲು ಬಿಟ್ಟು ಏಳುವುದಿಲ್ಲ. ಎದ್ದ ಮೇಲೆ ಅಪ್ಪನ ಅಂಗಿ ಹಿಡಿದು ಕೇಳುವ ಮಾತು ಒಂದೇ: 'ನಮ್ಮನೇಲೂ ಮೀನು ಸಾಕೋಣ.'

ಹಠಕ್ಕೆ ಸೋತ ಅಪ್ಪ ಹಾಸನದ ಪೇಟೆಯಿಂದ ಎರಡಡಿ ಉದ್ದದ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಗುಳ್ಳೆ ಎಬ್ಬಿಸುವ ಪಂಪು, ಸ್ಪಂಜಿನ ಫಿಲ್ಟರು, ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ಬಣ್ಣದ ಮೀನು ಎಲ್ಲವನ್ನೂ ಒಂದೇ ದಿನ ತರುತ್ತಾರೆ. ಸಂಜೆಗೆ ತೊಟ್ಟಿ ಸಿದ್ಧ. ಮಗು ಹೊತ್ತಿಗೊಮ್ಮೆ ಕಾಳು ಹಾಕುತ್ತದೆ. ನಾಲ್ಕನೆಯ ದಿನ ನೀರು ಅಕ್ಕಚ್ಚಿನಂತೆ ಬೆಳ್ಳಗಾಗುತ್ತದೆ. 'ಅಯ್ಯೋ, ಗಲೀಜಾಯಿತು' ಎಂದು ಭಾನುವಾರ ಮನೆಮಂದಿಯೆಲ್ಲ ಸೇರಿ ತೊಟ್ಟಿಯನ್ನು ಬಚ್ಚಲಿಗೆ ಒಯ್ದು, ಕಲ್ಲು ಉಜ್ಜಿ, ಸ್ಪಂಜು ಹಿಂಡಿ, ಹಳೆಯ ನೀರನ್ನು ಒಂದು ಹನಿಯೂ ಬಿಡದೆ ಚೆಲ್ಲಿ, ನಲ್ಲಿ ನೀರು ತುಂಬಿ ಫಳಫಳ ಹೊಳೆಯುವಂತೆ ಮಾಡುತ್ತಾರೆ. ಮಂಗಳವಾರ ಬೆಳಿಗ್ಗೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಮುಂದಿನ ಭಾನುವಾರದ ಹೊತ್ತಿಗೆ ತೊಟ್ಟಿ ಖಾಲಿ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹೊಸದಾಗಿ ಮೀನು ಸಾಕಲು ಹೊರಟ ಮನೆಗಳಲ್ಲಿ ಬಹುಪಾಲು ಹೀಗೇ ಆಗುತ್ತದೆ. ಆಗ ಮನೆಯ ಹಿರಿಯರು ಹೇಳುವ ಸಮಾಧಾನವೂ ಎಲ್ಲ ಕಡೆ ಒಂದೇ: 'ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡಿತು ಬಿಡು.' ಅಳುವ ಮಗುವನ್ನು ಸುಮ್ಮನಿರಿಸಲು ಈ ಮಾತು ಅನುಕೂಲವೇನೋ ಹೌದು. ಆದರೆ ಇದನ್ನು ನಂಬಿ ಕೂತರೆ ಮುಂದೆ ತರುವ ಹತ್ತು ಮೀನುಗಳೂ ಇದೇ ದಾರಿ ಹಿಡಿಯುತ್ತವೆ. ಮೀನನ್ನು ಕೊಂದದ್ದು ಕಂಟಕವಲ್ಲ. ನಿಜ ಹೇಳಬೇಕೆಂದರೆ ಕೊಳೆಯೂ ಅಲ್ಲ. ಭಾನುವಾರದ ಆ ತೊಳೆತವೇ ಕೊಂದದ್ದು.

ಕಾಣದ ವಿಷ

ತೊಳೆದದ್ದರಿಂದ ಹೇಗೆ ಸಾಯುತ್ತವೆ? ಇದು ತಿಳಿಯಬೇಕಾದರೆ ಮೀನು ಏನನ್ನು ಹೊರಹಾಕುತ್ತದೆ ಎಂಬುದನ್ನು ಮೊದಲು ನೋಡಬೇಕು. ನಮ್ಮ ದೇಹದಲ್ಲಿ ಪ್ರೋಟೀನು ಕರಗಿ ಉಳಿಯುವ ಸಾರಜನಕದ ಕಸ ಯೂರಿಯ ಆಗಿ ಮೂತ್ರದಲ್ಲಿ ಹೋಗುತ್ತದೆ. ಮೀನಿಗೆ ಆ ತಾಪತ್ರಯವಿಲ್ಲ. ಸುತ್ತಲೂ ನೀರೇ ಇರುವುದರಿಂದ ಅದು ಕಸವನ್ನು ಅಮೋನಿಯ ರೂಪದಲ್ಲಿಯೇ, ಬಹುಪಾಲು ಕಿವಿರುಗಳ ಮೂಲಕ, ನೀರಿಗೆ ಬಿಟ್ಟುಬಿಡುತ್ತದೆ. ತಿನ್ನದೆ ಉಳಿದ ಕಾಳು, ಹಿಕ್ಕೆ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯವೇ ಬರುತ್ತದೆ. ಹೊಳೆಯಲ್ಲಿ ಇದು ದೊಡ್ಡ ಸಂಗತಿಯಲ್ಲ. ವಹ್ನಿ ಪುಷ್ಕರಣಿಯ ಮೀನು ಬಿಟ್ಟ ಅಮೋನಿಯವನ್ನು ಕಾವೇರಿ ಮರುಗಳಿಗೆಯಲ್ಲಿ ಕೆಳಕ್ಕೆ ಕೊಂಡೊಯ್ಯುತ್ತಾಳೆ. ಹರಿವು ತಗ್ಗುವ ಏಪ್ರಿಲ್ ತಿಂಗಳಲ್ಲಿ ಮಾತ್ರ ಅಲ್ಲಿಯೂ ಪುರಿಯನ್ನು ಕೈ ಬಿಗಿಹಿಡಿದು ಹಾಕುವುದು ಒಳ್ಳೆಯದು.

ಗಾಜಿನ ತೊಟ್ಟಿಯ ಲೆಕ್ಕವೇ ಬೇರೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರವೆಂದರೆ ಸುಮಾರು 60, 30, 30 ಸೆಂಟಿಮೀಟರು. ಗುಣಿಸಿದರೆ 54,000 ಘನ ಸೆಂಟಿಮೀಟರು, ಅಂದರೆ 54 ಲೀಟರು. ಕಲ್ಲು ಹಾಕಿ, ಮೇಲೆ ನಾಲ್ಕು ಬೆರಳು ಬಿಟ್ಟರೆ ಉಳಿಯುವುದು ಸುಮಾರು 40 ಲೀಟರು. ಹತ್ತು ಮೀನುಗಳ ಊಟ, ಶೌಚ, ಉಸಿರಾಟ ಎಲ್ಲವೂ ಈ ಎರಡು ಮೂರು ಕೊಡಪಾನ ನೀರಿನಲ್ಲಿಯೇ ಆಗಬೇಕು.

ಈ ಅಮೋನಿಯ ಕಣ್ಣಿಗೆ ಕಾಣುವುದಿಲ್ಲ. ಮೀನು ಸಾಯುವಷ್ಟಿದ್ದರೂ ಮೂಗಿಗೆ ವಾಸನೆ ಬರುವುದಿಲ್ಲ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿಯೂ ವಿಷ ತುಂಬಿರಬಹುದು. ಕೊಂಚ ಮಬ್ಬಾದ ನೀರಿನಲ್ಲಿ ಮೀನು ಸುಖವಾಗಿರಬಹುದು. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಅಯಾನು ಹೆಚ್ಚು ಅಪಾಯಕಾರಿಯಲ್ಲ, ಬಿಡಿ ಅಮೋನಿಯ ಘೋರ ವಿಷ. ಯಾವುದು ಎಷ್ಟಿರಬೇಕೆಂಬುದನ್ನು ಮುಖ್ಯವಾಗಿ ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಬಿಡಿ ಅಮೋನಿಯ ನೂರಕ್ಕೆ ಸುಮಾರು ಅರ್ಧ ಭಾಗ. ಪಿಎಚ್ 8 ಆದರೆ ನೂರಕ್ಕೆ ಐದು ಭಾಗ. ಒಂದೇ ಅಂಕಿ ಹೆಚ್ಚಿದರೆ ವಿಷ ಹತ್ತರಷ್ಟು! ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಕ್ಷಾರದ ಕಡೆಗೆ ವಾಲಿರುತ್ತದೆ. 'ಅವರ ಮನೆಯಲ್ಲಿ ಬದುಕಿದ ಮೀನು ನಮ್ಮ ಮನೆಯಲ್ಲಿ ಯಾಕೆ ಸಾಯುತ್ತದೆ' ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ.

ಅಪ್ಪ ಬಿಟ್ಟದ್ದು ಮಗನ ಪಾಲಿಗೆ

ಹಾಗಿದ್ದರೆ ಹಳೆಯ ತೊಟ್ಟಿಗಳಲ್ಲಿ ಮೀನುಗಳು ವರ್ಷಗಟ್ಟಲೆ ಬದುಕುವುದು ಹೇಗೆ? ಇದರ ಹಿಂದೆ ಸ್ವಾರಸ್ಯವಾದ ಚರಿತ್ರೆಯೊಂದಿದೆ. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 12 ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ಇಟ್ಟುಕೊಂಡಿದ್ದ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಬಳಸುತ್ತದೆ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ ಎಂಬುದು ಅವನ ಲೆಕ್ಕ. ಆದರೆ ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಆಗ ಅವನು ಅದನ್ನು ತೊಳೆಯಲು ಹೋಗಲಿಲ್ಲ! ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ಪ್ರಕಟಿಸಿದ. ಮನೆಯೊಳಗೆ ತೊಟ್ಟಿಯಿಟ್ಟು ಮೀನು ಸಾಕುವ ಹವ್ಯಾಸಕ್ಕೆ ಬುನಾದಿ ಹಾಕಿದ ಪ್ರಯೋಗಗಳಲ್ಲಿ ಇದೂ ಒಂದು.

ಆದರೆ ಅಮೋನಿಯ ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೂ ತಿಳಿದಿರಲಿಲ್ಲ. ಆ ಎಳೆಯನ್ನು ಹಿಡಿದದ್ದು ಅದೇ ಹೆಸರಿನ ಅವನ ಮಗ. ಕಿರಿಯ ರಾಬರ್ಟ್ ವಾರಿಂಗ್ಟನ್ ರಾಥಮ್‌ಸ್ಟೆಡ್ ಕೃಷಿ ಪ್ರಯೋಗಕೇಂದ್ರದಲ್ಲಿ ಮಣ್ಣಿನ ಅಧ್ಯಯನ ಮಾಡುತ್ತ, ಅಮೋನಿಯ ಮೊದಲು ನೈಟ್ರೈಟ್ ಆಗಿ ಬಳಿಕ ನೈಟ್ರೇಟ್ ಆಗುತ್ತದೆ, ಈ ಎರಡು ಹಂತಗಳಲ್ಲಿ ಬೇರೆ ಬೇರೆ ಜೀವಿಗಳ ಕೈವಾಡವಿದೆ ಎಂದು ತೋರಿಸಿದ. 1890ರ ಸುಮಾರಿಗೆ ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿಯೇ ಬಿಟ್ಟ. ಮಣ್ಣಿನಲ್ಲಿ ನಡೆಯುವ ಈ ಕೆಲಸವೇ ಮೀನಿನ ತೊಟ್ಟಿಯ ಕಲ್ಲು, ಗಾಜು, ಸ್ಪಂಜುಗಳ ಮೇಲೂ ನಡೆಯುತ್ತದೆ. ಹಾಗೆಂದು ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಹಂತವನ್ನು ನಡೆಸುವುದು ಪಠ್ಯಪುಸ್ತಕ ಹೇಳುತ್ತಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರ ಎಂದು 1998ರಲ್ಲಿ ಗೊತ್ತಾಯಿತು. ಎರಡೂ ಹಂತಗಳನ್ನು ಒಂಟಿಯಾಗಿ ಮುಗಿಸುವ ನೈಟ್ರೊಸ್ಪೈರ ಜಾತಿಗಳು ಬೆಳಕಿಗೆ ಬಂದದ್ದು 2015ರಲ್ಲಿ. ಹಾಗೆ ಕಂಡುಹಿಡಿದ ಎರಡು ತಂಡಗಳಲ್ಲಿ ಒಂದಕ್ಕೆ ಅವು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿಯೇ!

ಈ ಬ್ಯಾಕ್ಟೀರಿಯಗಳು ಬಲು ನಿಧಾನಸ್ಥರು. ಸಾಮಾನ್ಯ ಬ್ಯಾಕ್ಟೀರಿಯ ಅರ್ಧ ಗಂಟೆಯೊಳಗೆ ಒಂದು ಎರಡಾದರೆ ಇವಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆದು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾಲ್ಕನೆಯ ದಿನದ ಆ ಬಿಳಿ ಮಬ್ಬು ಬಹುಮಟ್ಟಿಗೆ ಬೇರೆ ಬ್ಯಾಕ್ಟೀರಿಯಗಳ ಜಾತ್ರೆ. ತಾನಾಗಿಯೇ ನೆರೆದು ತಾನಾಗಿಯೇ ಚದುರುತ್ತದೆ. ಅದನ್ನು ಕಂಡು ಗಾಬರಿಯಾಗಿ ಕಲ್ಲು, ಸ್ಪಂಜು ತೊಳೆದವರು ಆಗತಾನೇ ಚಿಗುರುತ್ತಿದ್ದ ಉಪಕಾರಿ ಬ್ಯಾಕ್ಟೀರಿಯಗಳನ್ನೂ ಬಚ್ಚಲಿಗೆ ಚೆಲ್ಲಿರುತ್ತಾರೆ. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಗಂಟೆಗೊಮ್ಮೆ ಬರಿದುಮಾಡಿ ತೊಳೆದು ಹೊಸ ಹಾಲು ಹುಯ್ದರೆ ಮೊಸರಾಗುವುದುಂಟೆ?

ಹೆಪ್ಪಿನ ಮಾತು ಬರಿಯ ಹೋಲಿಕೆಯಲ್ಲ. ಗೊತ್ತಿರುವವರ ಮನೆಯಲ್ಲಿ ರೋಗವಿಲ್ಲದ ಹಳೆಯ ತೊಟ್ಟಿ ಇದ್ದರೆ ಅದರ ಕೊಳೆ ಸ್ಪಂಜಿನ ಒಂದು ತುಂಡನ್ನೋ ಒಂದು ಹಿಡಿ ಕಲ್ಲನ್ನೋ ಒಣಗಲು ಬಿಡದೆ ಅದೇ ನೀರಿನಲ್ಲಿ ತಂದು ಹೊಸ ತೊಟ್ಟಿಗೆ ಹಾಕಬಹುದು. ಕಾಯುವ ದಿನಗಳು ಎಷ್ಟೋ ಕಡಿಮೆಯಾಗುತ್ತವೆ. ಅಂಗಡಿಯ ಬಣ್ಣದ ಸೀಸೆಗಳಿಗಿಂತ ಇದು ನೆಚ್ಚಿಕೆಯದು, ಕಾಸೂ ಖರ್ಚಿಲ್ಲ.

ತೊಳೆಯುವುದು ಯಾವಾಗ?

ಚೆನ್ನಾಗಿ ತೊಳೆಯಬೇಕಾದ ಕಾಲವೊಂದಿದೆ. ಅದು ಮೀನು ಬರುವುದಕ್ಕೆ ಮೊದಲು. ಗಾಜನ್ನು ಬರಿಯ ನೀರಿನಿಂದ, ಬೇಕಿದ್ದರೆ ಕಲ್ಲುಪ್ಪಿನಿಂದ ಉಜ್ಜಿ ತೊಳೆಯಬೇಕು. ಸೋಪು, ಪಾತ್ರೆ ತೊಳೆಯುವ ಪುಡಿ, ಬಟ್ಟೆ ಪುಡಿ ಬೇಡವೇ ಬೇಡ. ಅವುಗಳ ಅಂಶ ಮೂಲೆಯಲ್ಲಿ ಉಳಿದರೆ ಕಿವಿರು ಸುಡುತ್ತದೆ. ತೊಟ್ಟಿ ಸೋರುತ್ತದೆಯೇ ಎಂದು ಒಂದು ದಿನ ನೀರು ತುಂಬಿಟ್ಟು ನೋಡಬೇಕು. ಕಲ್ಲನ್ನು ಬಕೆಟ್ಟಿನಲ್ಲಿ ಹಾಕಿ ಅಕ್ಕಿ ತೊಳೆದಂತೆ ಹತ್ತಾರು ಸಲ, ಬಸಿದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಹೊರಗಿನ ಕಲ್ಲಾದರೆ ನಾಲ್ಕು ಹನಿ ವಿನಿಗರ್ ಬಿಟ್ಟು ನೋಡುವುದು ಒಳ್ಳೆಯದು. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಪಿಎಚ್ ಏರಿಸುತ್ತದೆ. ಇಂಥ ಕಲ್ಲು ಬೇಡ.

ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಕಾಳು ಹಾಕಿ ಪಂಪನ್ನು ಓಡಿಸುತ್ತಿದ್ದರೆ ಕಾಳು ಕೊಳೆತು ಅಮೋನಿಯ ಹುಟ್ಟಿ ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ. ಖಾಲಿ ತೊಟ್ಟಿಯನ್ನು ತಿಂಗಳುಗಟ್ಟಲೆ ನೋಡುತ್ತ ಕೂರುವ ತಾಳ್ಮೆ ಯಾವ ಮಗುವಿಗಿದೆ, ನಿಜ. ಅಷ್ಟು ಕಾಯಲಾರದವರು ಒಂದು ವಾರ ಕಳೆದ ಮೇಲೆ ಎರಡು ಮೂರು ಗಪ್ಪಿಗಳನ್ನು ಮಾತ್ರ ಬಿಟ್ಟು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳನ್ನು ದಿನಕ್ಕೊಮ್ಮೆ ಹಾಕಿ, ಎರಡು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತ ಆರು ವಾರ ದಾಟಿಸಬಹುದು. ಗೋಲ್ಡ್‌ಫಿಶ್ ಈ ಅಳತೆಯ ತೊಟ್ಟಿಗೆ ಒಗ್ಗುವುದಿಲ್ಲ. ಅದು ಅಂಗೈಗಿಂತ ಉದ್ದ ಬೆಳೆಯುತ್ತದೆ, ಹೊರಹಾಕುವ ಅಮೋನಿಯವೂ ಅದಕ್ಕೆ ತಕ್ಕಂತೆ. ದುಂಡನೆಯ ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡುವವರ ಬಗ್ಗೆ ಏನೂ ಹೇಳದಿರುವುದೇ ವಾಸಿ.

ತೊಟ್ಟಿ ಹದಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಅಮೋನಿಯವೇನೋ ನೈಟ್ರೇಟ್ ಆಯಿತು, ಆದರೆ ನೈಟ್ರೇಟನ್ನು ಹೊರಗೆ ಹಾಕುವ ಕೆಲಸ ನಮ್ಮದೇ. ಕೈ ಹಾಕುವ ಮೊದಲು ಪ್ಲಗ್ಗು ಕೀಳಬೇಕು, ಇದನ್ನು ಮರೆಯುವಂತಿಲ್ಲ. ಆಮೇಲೆ ರಬ್ಬರ್ ಕೊಳವೆಯಲ್ಲಿ ಪೂರ್ತಿ ನೀರು ತುಂಬಿ, ಎರಡೂ ತುದಿಗಳನ್ನು ಬೆರಳಿನಿಂದ ಮುಚ್ಚಿ, ಒಂದನ್ನು ತೊಟ್ಟಿಯ ತಳಕ್ಕೂ ಇನ್ನೊಂದನ್ನು ಕೆಳಗಿರುವ ಬಕೆಟ್ಟಿಗೂ ಬಿಟ್ಟರೆ ಸೈಫನ್ ತಾನೇ ಹರಿಯುತ್ತದೆ. ಬಾಯಿಂದ ಎಳೆಯಬಾರದು. ಕೊಳವೆಯ ತುದಿಯನ್ನು ಕಲ್ಲುಗಳ ನಡುವೆ ಆಡಿಸಿದರೆ ಹಿಕ್ಕೆ, ಕೊಳೆತ ಕಾಳು ಬರುತ್ತವೆ, ಕಲ್ಲಿಗಂಟಿದ ಬ್ಯಾಕ್ಟೀರಿಯ ಅಲ್ಲೇ ಉಳಿಯುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ಹೊರತೆಗೆದ ಆ ಬಕೆಟ್ಟಿನ ನೀರಿನಲ್ಲಿಯೇ ಎರಡು ಸಲ ಮೆಲ್ಲಗೆ ಹಿಂಡಿ ವಾಪಸು ಹಾಕಬೇಕು. ಸ್ಪಂಜು ಕಂದಾಗಿಯೇ ಕಾಣುತ್ತದೆ. ಕಾಣಲಿ! ಗಾಜು, ಕಲ್ಲು, ಸ್ಪಂಜು ಮೂರನ್ನೂ ಒಂದೇ ದಿನ ಮುಟ್ಟದಿರುವುದು ಕ್ಷೇಮ.

ಯಾವ ನೀರು?

ಹೊಸದಾಗಿ ಹಾಕುವ ನೀರಿನಲ್ಲಿಯೂ ಒಂದು ಗುಟ್ಟಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನದಂಡ. ಮನುಷ್ಯರನ್ನು ವಾಂತಿಭೇದಿಯಿಂದ ಕಾಪಾಡುವ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಜೊತೆಗೆ ನಾವು ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ. ಹಳ್ಳಿಗಳಲ್ಲಿ ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿ ನೀರಿನ ವಾಸನೆಯಿಂದಲೇ ಗೊತ್ತಾಗುತ್ತದೆ. ಆ ದಿನದ ನೀರು ಬೇಡ. ಉಳಿದ ದಿನಗಳ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಹಿಂದೆ ಫೋಟೊ ಸ್ಟುಡಿಯೊಗಳ ಕತ್ತಲೆಕೋಣೆಯಲ್ಲಿ ಬಳಸುತ್ತಿದ್ದ ಹೈಪೊ, ಅಂದರೆ ಸೋಡಿಯಂ ಥಯೊಸಲ್ಫೇಟ್, ನೂರು ಲೀಟರಿಗೆ ಒಂದು ಗ್ರಾಂ ಹಾಕಿದರೆ ಸಾಧಾರಣ ನಲ್ಲಿ ನೀರಿಗೆ ಸಾಕು. ಅಮೆರಿಕದಲ್ಲಿ ನೆಲಸಿರುವ ಮಗನೋ ಮಗಳೋ ತೊಟ್ಟಿ ಇಟ್ಟಿದ್ದರೆ ಅವರಿಗೂ ಒಂದು ಮಾತು ತಿಳಿಸಬಹುದು. ಅಲ್ಲಿನ ಹಲವು ನಗರಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೀನ್ ಬಳಸುತ್ತಾರೆ. ಅದು ಬಕೆಟ್ಟಿನಲ್ಲಿಟ್ಟರೆ ಹಾರುವುದಿಲ್ಲ, ಅದಕ್ಕೆಂದೇ ಮಾರುವ ದ್ರಾವಣ ಬೇಕು.

ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಆಗತಾನೇ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದನ್ನೂ ಒಂದು ದಿನ ಇಟ್ಟು ಬಳಸುವುದೇ ಸರಿ. ಈಗ ಊರೂರಿನಲ್ಲೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. 'ನಮಗೇ ಒಳ್ಳೆಯದಾದ ನೀರು ಮೀನಿಗೆ ಇನ್ನೂ ಒಳ್ಳೆಯದಲ್ಲವೇ' ಎಂದು ಕ್ಯಾನುಗಟ್ಟಲೆ ತಂದು ಸುರಿಯುವವರಿದ್ದಾರೆ. ಆ ಯಂತ್ರ ಖನಿಜಗಳನ್ನು ಬಹುಮಟ್ಟಿಗೆ ಸೋಸಿಬಿಟ್ಟಿರುತ್ತದೆ. ಅಮೋನಿಯವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳಲು ನೀರಿನಲ್ಲಿ ಬೈಕಾರ್ಬೊನೇಟ್ ಇರಬೇಕು. ಅದಿಲ್ಲದ ನೀರಿನ ಪಿಎಚ್ ಕುಸಿದು ಬ್ಯಾಕ್ಟೀರಿಯಗಳು ಕೆಲಸ ನಿಲ್ಲಿಸುತ್ತವೆ. ಇಂಥ ನೀರನ್ನು ಬರಿದೇ ಹಾಕದೆ ಬಾವಿ ನೀರಿನೊಡನೆ ಬೆರೆಸಬೇಕು.

ನೀರು ಎಷ್ಟೇ ಸರಿಯಿದ್ದರೂ ಮನೆಯೊಳಗಿನ ವಿಷಗಳು ಬೇರೆ ಇವೆ. ಸೊಳ್ಳೆಬತ್ತಿ ಮತ್ತು ಸೊಳ್ಳೆ ಓಡಿಸುವ ದ್ರವಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕಗಳು ನಮಗಿಂತ ಮೀನಿಗೆ ಬಹಳ ಹೆಚ್ಚು ವಿಷ. ಗುಳ್ಳೆ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆ ಎಂಬುದು ನೆನಪಿರಲಿ. ಫಿನಾಯಿಲ್ ಹಾಕಿ ನೆಲ ಒರೆಸಿದ ಕೈಯನ್ನು ತೊಟ್ಟಿಗೆ ಅದ್ದುವಂತಿಲ್ಲ. ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುವ ಮನೆಗಳಿವೆ. ಎಲೆ ಮುರಿದ, ಬ್ಯಾರನ್ನಿನಲ್ಲಿ ದುಡಿದ ಕೈಯಲ್ಲಿ ನಿಕೋಟಿನ್ ಅಂಟಿರುತ್ತದೆ. ಅದೂ ಮೀನಿಗೆ ವಿಷವೇ. ಕೈಯನ್ನು ಸೋಪಿನಿಂದ ತೊಳೆದು, ಸೋಪು ಪೂರ್ತಿ ಹೋಗುವಷ್ಟು ನೀರು ಹುಯ್ದುಕೊಂಡ ಮೇಲೆಯೇ ತೊಟ್ಟಿಯ ಕೆಲಸ.

ಇನ್ನು ಕರೆಂಟು. ಅದು ಹೋದಾಗ ಪಂಪು ನಿಂತು ಮೀನಿಗೂ ಬ್ಯಾಕ್ಟೀರಿಯಕ್ಕೂ ಉಸಿರು ಕಟ್ಟುತ್ತದೆ. ಲೋಟದಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಎತ್ತರದಿಂದ ಹುಯ್ಯುತ್ತಿದ್ದರೆ ಗಾಳಿ ಬೆರೆಯುತ್ತದೆ. ಆ ಹೊತ್ತು ಕಾಳು ಹಾಕಬಾರದು. ಮುಚ್ಚಿದ ಡಬ್ಬಿಯಂಥ ಫಿಲ್ಟರಾದರೆ, ಅರ್ಧ ದಿನ ನಿಂತಿದ್ದದ್ದನ್ನು ಹಾಗೇ ಓಡಿಸದೆ, ಸ್ಪಂಜನ್ನು ತೊಟ್ಟಿ ನೀರಿನಲ್ಲಿ ಹಿಂಡಿ ಓಡಿಸಬೇಕು.

ಹೈಸ್ಕೂಲು ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಒಳ್ಳೆಯ ಪ್ರಯೋಗವಿದೆ. ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆಯುವ ಕಿಟ್ಟುಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ನಾಲ್ಕೈದು ಮಕ್ಕಳು ಸೇರಿ ಕೊಂಡರೆ ಹೊರೆಯಾಗದು. ಮೀನಿಲ್ಲದ ಹೊಸ ತೊಟ್ಟಿಗೆ ಚಿಟಿಕೆ ಕಾಳು ಹಾಕುತ್ತ ಎರಡು ದಿನಕ್ಕೊಮ್ಮೆ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಬೇಕು. ಅಮೋನಿಯದ ಗೆರೆ ಏರಿ ಇಳಿಯುತ್ತದೆ. ಅದು ಇಳಿಯುವಾಗ ನೈಟ್ರೈಟಿನ ಗೆರೆ ಏರುತ್ತದೆ. ನೈಟ್ರೈಟೂ ಕೇಡೇ, ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಒಂದೇ ಏರುತ್ತಿರುವ ದಿನ ತೊಟ್ಟಿ ಮೀನಿಗೆ ಸಿದ್ಧ. ಕಿಟ್ಟು ಇಲ್ಲದವರು ಮೀನನ್ನೇ ನೋಡಬೇಕು. ಅದು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ರೆಕ್ಕೆ ಮುದುರಿ ಮೂಲೆ ಸೇರಿದ್ದರೆ ಕಾಳು ನಿಲ್ಲಿಸಿ, ಇಟ್ಟ ನೀರಿನಿಂದ ಮೂರನೆಯ ಒಂದು ಭಾಗ ಆಗಲೇ ಬದಲಿಸಬೇಕು. ಕಲ್ಲು, ಸ್ಪಂಜುಗಳನ್ನು ಮುಟ್ಟುವಂತಿಲ್ಲ.

ಸಾಕಿ ಬೇಸರವಾದ ಮೀನುಗಳನ್ನು 'ಪುಣ್ಯ ಬರಲಿ' ಎಂದು ಹೊಳೆಗೋ ಕೆರೆಗೋ ಬಿಡುವ ರೂಢಿ ಮಾತ್ರ ಒಳ್ಳೆಯದಲ್ಲ. ಗಾಜು ನೆಕ್ಕುತ್ತದೆಂದು ಕೊಂಡುತರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಭಾರತದ ಹಲವು ನದಿ ಕೆರೆಗಳಲ್ಲಿ ಅದು ಈಗಾಗಲೇ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೆ ಸೇರಿಸಲಾಗಿದೆ. ಬೇಡವಾದ ಮೀನುಗಳನ್ನು ಅಂಗಡಿಗೋ ಸಾಕುವ ಇನ್ನೊಬ್ಬರಿಗೋ ಕೊಡಬೇಕು. ವಾರವಾರ ತೆಗೆದ ನೀರನ್ನು ಬಚ್ಚಲಿಗೂ ಚೆಲ್ಲಬೇಕಾಗಿಲ್ಲ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಉಪ್ಪೋ ಔಷಧಿಯೋ ಹಾಕಿಲ್ಲದಿದ್ದರೆ ಹಿತ್ತಿಲ ಕರಿಬೇವಿನ ಬುಡಕ್ಕೆ ಹುಯ್ಯಬಹುದು.